ಕತ್ತಲಿಗೆ ಒಗ್ಗಿದ ಕಣ್ಣು

ದೂರದರ್ಶಕದಲ್ಲಿ ಮಹಾವ್ಯಾಧ ನೀಹಾರಿಕೆಯನ್ನು ಮೊದಲ ಸಲ ನೋಡಿದವರ ಮುಖ ಸಪ್ಪಗಾಗುತ್ತದೆ. ಫೋಟೋದಲ್ಲಿ ಗುಲಾಬಿ ಇತ್ತಲ್ಲ, ಇಲ್ಲೇಕೆ ಬರೀ ಬೂದಿ? ದೂರದರ್ಶಕದ ತಪ್ಪಲ್ಲ. ಬಣ್ಣ ಗುರುತಿಸುವ ಕೋನ್ ಕೋಶಗಳಿಗೆ ಅಷ್ಟು ಮಂದ ಬೆಳಕು ಸಾಲದು. ಆಗ ನೋಡುತ್ತಿರುವುದು ರಾಡ್ ಕೋಶಗಳು. ಅವಕ್ಕೆ ಬಣ್ಣದ ಗೊಡವೆಯಿಲ್ಲ. ಆರ್ದ್ರಾ ನಕ್ಷತ್ರ ಕೆಂಪಗೆ ಕಂಡರೆ ಕೋನ್‌ಗಳ ಪುಣ್ಯ, ದೇವಯಾನಿ ಗ್ಯಾಲಕ್ಸಿಯ ಮಸುಕು ಕಂಡರೆ ರಾಡ್‌ಗಳದ್ದು.

ಇವೆರಡೂ ಎಷ್ಟು ಬೇರೆ ಎಂದು ತಿಳಿಯಲು ಸಿಎನ್‌ಜಿಬಿ3 ಎಂಬ ವಂಶವಾಹಿಯ ಕಥೆ ಸಾಕು. ನಮ್ಮ 8ನೇ ವರ್ಣತಂತುವಿನಲ್ಲಿರುವ ಇದು, ಕೋನ್ ಕೋಶಕ್ಕೆ ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ನುಗ್ಗುವ ಬಾಗಿಲಿನ ಒಂದು ಭಾಗವನ್ನು ಕಟ್ಟಿಕೊಡುತ್ತದೆ. ಕತ್ತಲಲ್ಲಿ ಬಾಗಿಲು ತೆರೆದಿರುತ್ತದೆ, ಬೆಳಕು ಬಿದ್ದರೆ ಮುಚ್ಚುತ್ತದೆ. ಹಾಗೆ ಮುಚ್ಚಿದ್ದೇ ಮಿದುಳಿಗೆ ಸುದ್ದಿ. ರಾಡ್‌ಗಳಿಗೂ ಇಂಥ ಬಾಗಿಲಿದೆ, ಆದರೆ ಅದನ್ನು ಕಟ್ಟುವ ವಂಶವಾಹಿಗಳೇ ಬೇರೆ. ಹಾಗಾಗಿ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಸಿಎನ್‌ಜಿಬಿ3 ಪಡೆದ ಮಗುವಿಗೆ ರಾಡ್‌ಗಳಷ್ಟೇ ಗತಿ. ಬಣ್ಣವಿಲ್ಲ, ಸಣ್ಣ ಅಕ್ಷರ ಕಾಣದು, ಕಣ್ಣುಗುಡ್ಡೆ ಅದುರುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ. ಮುಸ್ಸಂಜೆಯಾದರೆ ನಿರಾಳ. ಅಕ್ರೊಮಾಟಾಪ್ಸಿಯ ಎಂಬ ಈ ಸ್ಥಿತಿ ಸುಮಾರು 30,000 ಜನರಲ್ಲಿ ಒಬ್ಬರಿಗಿರುತ್ತದೆ.

ಶಾಂತಸಾಗರದ ಪಿಂಗಲ್ಯಾಪ್ ದ್ವೀಪದಲ್ಲಿ ಮಾತ್ರ ಲೆಕ್ಕ ತಲೆಕೆಳಗು. ಅಲ್ಲಿ ನೂರಕ್ಕೆ ಐದಾರು ಮಂದಿಯಾದರೂ ಹೀಗೆ. 1775ರ ಆಸುಪಾಸಿನ ಚಂಡಮಾರುತದಲ್ಲಿ ಊರಿಗೆ ಊರೇ ಹೋಗಿ, ಬದುಕುಳಿದವರು ಸುಮಾರು 20 ಮಂದಿ. ಅವರಲ್ಲಿ ದೊರೆಯೂ ಒಬ್ಬ. ಅವನಲ್ಲಿ ಅಡಗಿದ್ದ ದೋಷ ಸಂತತಿಯಲ್ಲಿ ಹರಡಿತು ಎನ್ನುತ್ತದೆ ವಂಶಾವಳಿ. ವಂಶವಾಹಿಯಲ್ಲಿ ಕೆಟ್ಟಿರುವುದು ಒಂದೇ ಅಕ್ಷರ ಎಂದು 2000ದಲ್ಲಿ ಪತ್ತೆಯಾಯಿತು.

1994ರಲ್ಲಿ ನರವೈದ್ಯ ಆಲಿವರ್ ಸ್ಯಾಕ್ಸ್ ಅಲ್ಲಿಗೆ ಹೋದಾಗ ಜೊತೆಗಿದ್ದ ನಾರ್ವೆಯ ದೃಷ್ಟಿವಿಜ್ಞಾನಿ ಕ್ನುಟ್ ನಾರ್ಡ್‌ಬಿಗೂ ಹುಟ್ಟಿನಿಂದ ಇದೇ ಕಣ್ಣು. ರಾತ್ರಿ ಮೀನು ಹಿಡಿಯುವುದರಲ್ಲಿ ಇಂಥ ದ್ವೀಪವಾಸಿಗಳದ್ದೇ ಮೇಲುಗೈ ಎಂದು ಸ್ಯಾಕ್ಸ್ ಬರೆದಿದ್ದಾರೆ. ನನಗೆ ಹೊಟ್ಟೆಕಿಚ್ಚಾಗಿದ್ದು ಅಲ್ಲೇ. ಬಿಸಿಲಲ್ಲಿ ಅವರು ಪಡುವ ಪಾಡು ನೆನೆದರೆ ಹಾಗೆನ್ನುವುದು ಅನ್ಯಾಯ, ಗೊತ್ತು.

ಇಂಥವರು ಹಗಲಲ್ಲಿ ಕಡುಗೆಂಪು ಕನ್ನಡಕ ಹಾಕುವುದುಂಟು. ರಾಡ್‌ಗಳಿಗೆ ಕೆಂಪು ಬೆಳಕು ತಾಗುವುದು ತೀರಾ ಕಡಿಮೆ, ಅದಕ್ಕೇ ಹಗಲು ಅವರಿಗೆ ಸಹ್ಯವಾಗುತ್ತದೆ. ರಾತ್ರಿ ಆಕಾಶ ನೋಡುವ ನಾವು ಕೆಂಪು ಟಾರ್ಚು ಹಿಡಿಯುವುದೂ ಇದೇ ಕಾರಣಕ್ಕೆ: ಅರ್ಧ ಗಂಟೆ ಕಾದು ಕತ್ತಲಿಗೆ ಒಗ್ಗಿಸಿಕೊಂಡ ರಾಡ್‌ಗಳನ್ನು ಒಂದು ಬಿಳಿ ಮಿಂಚು ಹಾಳು ಮಾಡಿಬಿಡುತ್ತದೆ. ಫೋನಿನ ತೆರೆ ಕೆಂಪು ಮಾಡಿಕೊಂಡೆ, ಸಾಕು ಎನ್ನುವವರು ನಮ್ಮ ನಡುವೆ ಬಹಳ. ಸಾಲದು, ಪ್ರಖರವಾದ ಕೆಂಪೂ ಕಣ್ಣನ್ನು ಕೆಡಿಸುತ್ತದೆ. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆಯನ್ನು ಮೂರ್ನಾಲ್ಕು ಪದರ ಸುತ್ತಿ, ನಕ್ಷೆಯ ಹೆಸರು ಕಷ್ಟಪಟ್ಟು ಓದುವಷ್ಟೇ ಬೆಳಕು ಬಿಡಿ.