ಟಿಸಿಎಂ ಬದಲಿಸಿದರೆ ರಿಪೇರಿ ಆದಂತೆಯೇ?

ಆಟೊಮ್ಯಾಟಿಕ್ ಕಾರು ನಡುರಸ್ತೆಯಲ್ಲಿ ಗೇರು ಹಿಡಿಯದೆ ನಿಂತಿತೆಂದರೆ ವರ್ಕ್‌ಶಾಪಿನಲ್ಲಿ ಸಿದ್ಧ ಉತ್ತರವೊಂದಿದೆ: ‘ಟಿಸಿಎಂ ಹೋಗಿದೆ ಸರ್, ಹೊಸದೇ ಹಾಕಬೇಕು.’ ಟಿಸಿಎಂ ಎಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್. ಕ್ಲಚ್ಚು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು, ಯಾವ ಗೇರು ಬೀಳಬೇಕು ಎಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರು. ಕೆಟ್ಟಿದ್ದರೆ ಬದಲಿಸಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಟ್ಟಿದೆಯೇ ಎಂದು ನೋಡುವ ಕೆಲಸವನ್ನೇ ಈ ಬದಲಾವಣೆ ನುಂಗಿಹಾಕಿದೆ ಎಂಬುದು ನನ್ನ ತಕರಾರು. ಬಿಡಿಭಾಗ ಮಾರುವುದನ್ನೇ ರಿಪೇರಿ ಎಂದು ಕರೆಯುವ ರೂಢಿ ಬೆಳೆದಿದೆ.

ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಗೇರ್‌ಬಾಕ್ಸಿನ ಕತೆಯನ್ನೇ ನೋಡಿ. ಆರು ಗೇರಿನ, ಎರಡು ಒಣ ಕ್ಲಚ್ಚುಗಳ ಈ ಪೆಟ್ಟಿಗೆ ಅಮೆರಿಕದಲ್ಲಿ ಫಿಯೆಸ್ಟಾ, ಫೋಕಸ್ ಕಾರುಗಳಲ್ಲಿತ್ತು. ನಮ್ಮಲ್ಲಿ 2013ರ ಇಕೋಸ್ಪೋರ್ಟ್‌ನ ಪೆಟ್ರೋಲ್ ಮಾದರಿಗೂ ಆಮೇಲೆ ಫಿಗೊಗೂ ಬಂತು. ಕ್ಲಚ್ಚನ್ನು ಒತ್ತುವುದು ಇಲ್ಲಿ ಎಣ್ಣೆಯ ಒತ್ತಡವಲ್ಲ, ವಿದ್ಯುತ್ ಮೋಟಾರು. ಅದಕ್ಕೆ ಅಪ್ಪಣೆ ಕೊಡುವ ಟಿಸಿಎಂ ಗೇರ್‌ಬಾಕ್ಸಿನ ಮೈಗೇ ಬೋಲ್ಟಾಗಿ ಕೂತಿರುತ್ತದೆ. ಎಂಜಿನ್ನಿನ ಕಾವು, ರಸ್ತೆಯ ಅದುರು ಎರಡೂ ನೇರ ಅದರ ಮೇಲೆ. ಒಳಗಿನ ಚಿಪ್ಪಿನ ಬೆಸುಗೆ ಕಾಲಕ್ರಮದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿಸಿಯಾದಾಗ ಸಂಪರ್ಕ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆದ ಕಾರು ಮಧ್ಯಾಹ್ನ ಆಗುವುದಿಲ್ಲ, ಗ್ಯಾರೇಜಿಗೆ ಎಳೆದುಕೊಂಡು ಹೋದರೆ ಅಲ್ಲಿ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಇಂಥ ದೋಷಕ್ಕೆ ಹೊಸ ಟಿಸಿಎಂ ಸರಿಯಾದ ಮದ್ದೇ. ಅಮೆರಿಕದಲ್ಲಿ ಫೋರ್ಡ್ ಇದರ ವಾರಂಟಿಯನ್ನು 10 ವರ್ಷ ಅಥವಾ 1,50,000 ಮೈಲಿಗೆ ವಿಸ್ತರಿಸಿತು. ತಪ್ಪು ಬಿಡಿಭಾಗದ್ದು, ಖರ್ಚು ತಯಾರಕರದ್ದು. ಪದ್ಧತಿ ಇಷ್ಟು ನೇರವಾಗಿದ್ದಿದ್ದರೆ ವಿಮರ್ಶೆಗೆ ಕೆಲಸವೇ ಇರುತ್ತಿರಲಿಲ್ಲ.

ಆದರೆ ಅದೇ ಪೆಟ್ಟಿಗೆಗೆ ಇನ್ನೊಂದು ಕಾಯಿಲೆಯೂ ಇತ್ತು. ಶಾಫ್ಟಿನ ಸೀಲು ಸೋರಿ ಎಣ್ಣೆ ಒಣ ಕ್ಲಚ್ಚಿಗೆ ತಾಗಿದರೆ ಕಾರು ನಿಧಾನವಾಗಿ ಹೊರಡುವಾಗ ಗಡಗಡ ನಡುಗುತ್ತದೆ. ಇದಕ್ಕೆ ಎಷ್ಟು ಟಿಸಿಎಂ ಬದಲಿಸಿದರೂ ಪ್ರಯೋಜನವಿಲ್ಲ. ಆಸ್ಟ್ರೇಲಿಯಾದಲ್ಲಂತೂ ದೂರು ತಂದ ಕೆಲವು ಗ್ರಾಹಕರಿಗೆ ‘ನೀವು ಓಡಿಸುವ ರೀತಿಯೇ ಸರಿಯಿಲ್ಲ’ ಎಂಬ ಉತ್ತರ ಸಿಕ್ಕಿತು. ಪ್ರಕರಣ ಕೋರ್ಟಿಗೆ ಹೋಗಿ, ದೂರುಗಳನ್ನು ನಿಭಾಯಿಸಿದ ರೀತಿಗಾಗಿ ಫೋರ್ಡ್ ಆಸ್ಟ್ರೇಲಿಯಾ 2018ರಲ್ಲಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ತೆರಬೇಕಾಯಿತು. ಪೆಟ್ಟಿಗೆ ಒಂದೇ, ಕಾಯಿಲೆ ಎರಡು. ಯಾವುದು ಯಾವುದೆಂದು ಬೇರ್ಪಡಿಸುವ ಶ್ರಮ ತೆಗೆದುಕೊಳ್ಳದಿದ್ದರೆ ಗ್ರಾಹಕ ಮೊದಲು ದುಡ್ಡು ಕಳೆದುಕೊಳ್ಳುತ್ತಾನೆ, ಆಮೇಲೆ ಮರ್ಯಾದೆ.

ಫೋಕ್ಸ್‌ವ್ಯಾಗನ್ ಕಂಪನಿಯ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸು ಇದರ ಮತ್ತೊಂದು ಮಗ್ಗುಲು ತೋರಿಸುತ್ತದೆ. ಅದರಲ್ಲಿ ಎಲೆಕ್ಟ್ರಾನಿಕ್ ಮಿದುಳು, ಎಣ್ಣೆಯ ಪಂಪು, ವಾಲ್ವುಗಳು ಎಲ್ಲ ಸೇರಿ ಮೆಕಾಟ್ರಾನಿಕ್ ಎಂಬ ಒಂದೇ ಗಡ್ಡೆ. 2013ರಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಸೆಕೆ, ತೇವ ಎರಡೂ ಹೆಚ್ಚಿರುವ ಊರುಗಳಲ್ಲಿ ಸಿಂಥೆಟಿಕ್ ಗೇರ್ ಎಣ್ಣೆಯಿಂದ ವಿದ್ಯುತ್ ದೋಷ ಬರುವ ಸಾಧ್ಯತೆಯಿತ್ತು. ಪರಿಹಾರ ಏನು? ಖನಿಜ ಎಣ್ಣೆ ತುಂಬಿಸಿದರು. ಹಳೆಯ ಎಣ್ಣೆಯನ್ನು ಹಾಗೇ ಬಿಟ್ಟು ಮಿದುಳನ್ನು ಮಾತ್ರ ಬದಲಿಸಿದ್ದರೆ ಹೊಸ ಮಿದುಳಿಗೂ ಅದೇ ಅಪಾಯ ಕಾದಿರುತ್ತಿತ್ತು.

ಹಾಗಾದರೆ ಒಳ್ಳೆಯ ಪರೀಕ್ಷೆ ಹೇಗಿರುತ್ತದೆ? ಸ್ಕ್ಯಾನರ್ ಹಾಕಿದಾಗ ಯು0101 ಎಂಬ ಕೋಡ್ ಬಂತೆನ್ನಿ. ಅದರ ಅರ್ಥ ಟಿಸಿಎಂ ಸತ್ತಿದೆ ಎಂದಲ್ಲ, ಟಿಸಿಎಂ ಜೊತೆ ಮಾತುಕತೆ ನಿಂತಿದೆ ಎಂದಷ್ಟೇ. ಮಾತು ನಿಲ್ಲಲು ವೈರು ತುಂಡಾಗಿರಬಹುದು, ಬ್ಯಾಟರಿ ಸೊರಗಿರಬಹುದು, ಅರ್ಥಿಂಗ್ ಸಡಿಲವಾಗಿರಬಹುದು. ಬಲ್ಲ ಎಲೆಕ್ಟ್ರಿಷಿಯನ್ ಮೊದಲು ಬ್ಯಾಟರಿಯ ವೋಲ್ಟೇಜ್ ನೋಡುತ್ತಾನೆ. ಸೆಲ್ಫ್ ಹೊಡೆಸಿ, ಬ್ಯಾಟರಿಯ ಮೈನಸ್ ತುದಿಗೂ ಗೇರ್‌ಬಾಕ್ಸಿನ ಮೈಗೂ ನಡುವೆ ಮೀಟರ್ ಹಿಡಿಯುತ್ತಾನೆ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೇಬಲ್ಲಿನ ಮೇಲೆ ಅನುಮಾನ. ಆಮೇಲೆ ಬ್ಯಾಟರಿ ಕಳಚಿ, ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ರೋಧ ಅಳೆಯುತ್ತಾನೆ. ಸಾಮಾನ್ಯವಾಗಿ 60 ಓಮ್ ಬಂದರೆ ಮಾತುಕತೆಯ ಮುಖ್ಯ ಲೈನು ಸರಿಯಿದೆ, 120 ಬಂದರೆ ಎಲ್ಲೋ ತುಂಡಾಗಿದೆ. ಕೊನೆಗೆ ಟಿಸಿಎಂ ಕನೆಕ್ಟರ್ ಬಿಚ್ಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡುತ್ತಾನೆ. ಸ್ಕ್ಯಾನರ್ ಬಿಟ್ಟರೆ ಇಷ್ಟಕ್ಕೆ ಬೇಕಾದ ಹತ್ಯಾರು ಮಲ್ಟಿಮೀಟರ್, ಟಾರ್ಚ್ ಎರಡೇ. ಇದನ್ನೆಲ್ಲ ಬಿಟ್ಟು ಕೋಡ್ ಕಂಡ ಕೂಡಲೇ ಆರ್ಡರ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಬದಲಿಸಲೇಬೇಕು ಎಂದಾದ ಮೇಲೂ ಕೆಲಸ ಅರ್ಧವೇ ಆಗಿರುತ್ತದೆ. ಹೊಸ ಟಿಸಿಎಂ ಖಾಲಿ ತಲೆಯಲ್ಲಿ ಬರುತ್ತದೆ. ಆ ಕಾರಿನ ಸಾಫ್ಟ್‌ವೇರ್ ತುಂಬಬೇಕು. ಕ್ಲಚ್ಚು ಯಾವ ಬಿಂದುವಿನಲ್ಲಿ ಹಿಡಿಯುತ್ತದೆ ಎಂಬುದನ್ನು ಅದಕ್ಕೆ ಕಲಿಸಬೇಕು. ಈ ಕಲಿಕೆಯನ್ನು ಅವಸರದಲ್ಲಿ ಬಿಟ್ಟರೆ ಹೊಸ ಟಿಸಿಎಂ ಹಾಕಿಸಿಕೊಂಡ ಕಾರೂ ಎಗರುತ್ತದೆ, ದೂಷಣೆ ಮತ್ತೆ ಗೇರ್‌ಬಾಕ್ಸಿನ ಪಾಲಾಗುತ್ತದೆ. ಇಲ್ಲೇ ತಯಾರಕರ ಬಿಗಿಹಿಡಿತ ಕಾಣುವುದು. ಸಾಫ್ಟ್‌ವೇರ್ ತುಂಬುವ ಉಪಕರಣ ಅವರ ಕೈಯಲ್ಲಿ, ಬಿಡಿಭಾಗದ ಬೆಲೆ ಅವರದ್ದು. ಭಾರತದ ಸ್ಪರ್ಧಾ ಆಯೋಗ ಈ ಮಾತನ್ನು 2014ರಲ್ಲೇ ಎತ್ತಿತ್ತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳ ಮೇಲೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಸಲ್ಲಿಸಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ನ ಸಮಿತಿ ಮಾಡಿದಾಗ ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇದ್ದವು. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಹಳೆಯ ಇಕೋಸ್ಪೋರ್ಟ್ ಇಟ್ಟುಕೊಂಡವರಿಗೆ ಇದು ಬರೀ ಕಾನೂನಿನ ಚರ್ಚೆಯಲ್ಲ.

ಹೊರಗಿನ ಗ್ಯಾರೇಜುಗಳನ್ನೂ ಸುಮ್ಮನೆ ಹೊಗಳುವಂತಿಲ್ಲ. ಟಿಸಿಎಂ ಬಿಚ್ಚಿ, ಒಳಗಿನ ಅಂಟು ಜೆಲ್ಲನ್ನು ಸರಿಸಿ, ಭೂತಗನ್ನಡಿಯಡಿ ಬಿರುಕು ಹುಡುಕಿ ಮರುಬೆಸುಗೆ ಹಾಕುವ ಕೈಚಳಕದವರು ಇದ್ದಾರೆ. ಅವರ ಕೆಲಸ ನಿಜವಾದ ರಿಪೇರಿ. ಆದರೆ ಗುಜರಿ ಕಾರಿನಿಂದ ತೆಗೆದ ಟಿಸಿಎಂ ಅನ್ನು ಒರೆಸಿ, ಹೊಸದೆಂಬಂತೆ ಕೂರಿಸಿ, ಬಿಲ್ಲೂ ಕೊಡದೆ ಕಳಿಸುವವರೂ ಅದೇ ಬೀದಿಯಲ್ಲಿದ್ದಾರೆ. ಪರೀಕ್ಷೆ ಮಾಡದೆ ಹೊಸದು ಮಾರುವುದು, ಪರೀಕ್ಷೆ ಮಾಡದೆ ಹಳೆಯದು ಕೂರಿಸುವುದು, ಎರಡರ ಬೇರೂ ಒಂದೇ.

ಆದ್ದರಿಂದ ನನ್ನ ತೀರ್ಪು ಇಷ್ಟು. ಟಿಸಿಎಂ ಬದಲಾವಣೆ ತಂತ್ರಜ್ಞಾನವಾಗಿ ಗಟ್ಟಿ, ವ್ಯವಹಾರವಾಗಿ ಪೊಳ್ಳು. ಗಟ್ಟಿ ಏಕೆಂದರೆ ನಿಜಕ್ಕೂ ಬೆಸುಗೆ ಬಿಟ್ಟ ಟಿಸಿಎಂಗೆ ಇದಕ್ಕಿಂತ ಬಾಳಿಕೆಯ ಪರಿಹಾರ ಕಡಿಮೆ. ಪೊಳ್ಳು ಏಕೆಂದರೆ ಬೆಸುಗೆ ಬಿಟ್ಟಿದೆ ಎನ್ನುವುದಕ್ಕೆ ಗ್ರಾಹಕನ ಕೈಗೆ ಯಾವ ಆಧಾರವೂ ಸಿಗುವುದಿಲ್ಲ. ಎಸ್ಟಿಮೇಟಿಗೆ ಸಹಿ ಹಾಕುವ ಮುನ್ನ ಮೂರು ಕೇಳಿ: ಬ್ಯಾಟರಿ, ಅರ್ಥಿಂಗ್, ಲೈನಿನ ಅಳತೆಗಳನ್ನು ಕಾಗದದ ಮೇಲೆ ಬರೆದುಕೊಡಿ, ಹಳೆಯ ಟಿಸಿಎಂ ತೋರಿಸಿ, ಕ್ಲಚ್ ಕಲಿಕೆ ಮುಗಿದ ಸ್ಕ್ಯಾನ್ ವರದಿ ಕೊಡಿ. ಈ ಮೂರನ್ನೂ ಕೊಡುವ ವರ್ಕ್‌ಶಾಪು ಕೇಳಿದಷ್ಟು ದುಡ್ಡಿಗೆ ಯೋಗ್ಯ. ಕೊಡದಿದ್ದರೆ ಕೀ ವಾಪಸ್ ಇಸಿದುಕೊಳ್ಳುವುದೇ ಲೇಸು.