ವೈಕಿಂಗರ ಕೊಡಲಿ, ಈಟಿಗಳು ಮತ್ತು ಅವುಗಳ ಪ್ರತಿಕೃತಿಗಳು

ಕ್ರಿ. ಶ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ನಡೆದ ದಾಳಿಯಿಂದ ಮೊದಲ್ಗೊಂಡು ಹನ್ನೊಂದನೆಯ ಶತಮಾನದವರೆಗೆ ಯುರೋಪಿನ ಕಡಲತೀರಗಳನ್ನು ನಡುಗಿಸಿದ ವೈಕಿಂಗರ ಆಯುಧಗಳು ಇಂದು ಎರಡು ರೂಪಗಳಲ್ಲಿ ಕಾಣಸಿಗುತ್ತವೆ. ವಸ್ತುಸಂಗ್ರಹಾಲಯಗಳಲ್ಲಿರುವ ತುಕ್ಕು ತಿಂದ ಮೂಲಗಳು ಒಂದು. ಅವುಗಳನ್ನು ಅನುಸರಿಸಿ ಮಾಡಿದ ಹೊಳೆಯುವ ಪ್ರತಿಕೃತಿಗಳು ಇನ್ನೊಂದು. ಪ್ರತಿಕೃತಿಯನ್ನು ಹಿಡಿದು ಬೀಸಿ ನೋಡಿದ ಅನುಭವವನ್ನೇ ಚರಿತ್ರೆಯ ಸಾಕ್ಷ್ಯವೆಂದು ಮುಂದಿಡುವ ವಾಡಿಕೆಯೂ ಬೆಳೆದಿದೆ. ಆ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂಬುದನ್ನು ಇಲ್ಲಿ ವಿಚಾರ ಮಾಡಬಯಸುತ್ತೇವೆ.

ನಾರ್ವೆಯ ವಿದ್ವಾಂಸರಾದ ಯಾನ್ ಪೀಟರ್ಸನ್ ಅವರು 1919ರ ತಮ್ಮ ಗ್ರಂಥದಲ್ಲಿ ಕೊಡಲಿಗಳನ್ನು ಆಕಾರಕ್ಕನುಸಾರವಾಗಿ ವಿಂಗಡಿಸಿ ಅಕ್ಷರಗಳಿಂದ ಹೆಸರಿಸಿದರು. ಕಾಲನಿರ್ಣಯಕ್ಕೆ ಅದರಿಂದಾದ ಉಪಕಾರ ದೊಡ್ಡದು. ಆದರೆ ಪಾರ್ಶ್ವಚಿತ್ರವನ್ನು ನೋಡಿ ಕೊಡಲಿ ಮಾಡಹೊರಟವನಿಗೆ ಆಕಾರ ದೊರೆತೀತೇ ಹೊರತು ದಪ್ಪ ದೊರೆಯದು. ಅಗಲಬಾಯಿಯ 'ಎಂ' ವರ್ಗದ ಕೊಡಲಿಯಲ್ಲಿ ಮುಖ್ಯವಾದುದು ಈ ದಪ್ಪವೇ. ಕಾವು ತೂರಿಸುವ ಕಣ್ಣಿನ ಬಳಿ ಗಟ್ಟಿಯಾಗಿರುವ ಅಲಗು ಮುಂದೆ ಕೆಲವೇ ಮಿಲಿಮೀಟರುಗಳಷ್ಟು ತೆಳುವಾಗುತ್ತದೆ; ಬಾಯಿಗೆ ಉಕ್ಕನ್ನು ಬೆಸೆದಿರುವುದುಂಟು. ಅದು ಸೌದೆ ಸೀಳುವ ಕೊಡಲಿಯಲ್ಲ. ಮಾರಾಟಕ್ಕೆಂದು ದಪ್ಪನಾಗಿ ಮಾಡಿದ ಭಾರವಾದ ಪ್ರತಿಕೃತಿಯನ್ನು ಎತ್ತಿದವನು ವೈಕಿಂಗರ ತೋಳ್ಬಲವನ್ನು ಹೊಗಳುವುದರಲ್ಲಿ ಆಶ್ಚರ್ಯವಿಲ್ಲ!

ದಕ್ಷಿಣ ನಾರ್ವೆಯ ಲಾಂಗೈಡ್‌ನಲ್ಲಿ 2011ರ ಉತ್ಖನನದಲ್ಲಿ ದೊರೆತ ಕೊಡಲಿ ಈಗ ಸುಮಾರು 550 ಗ್ರಾಂ ತೂಗುತ್ತದೆ. ಹೊಸದಾಗಿದ್ದಾಗ ಸುಮಾರು 800 ಗ್ರಾಂ ಇದ್ದಿರಬೇಕೆಂದು ಅಂದಾಜು. ಕಾವಿಗೆ ಹಿತ್ತಾಳೆಯ ಪಟ್ಟಿ ಸುತ್ತಿದ್ದುದರಿಂದ ಮರದ ತುಣುಕೊಂದು ಮಾತ್ರ ಉಳಿದಿದೆ. ಎಂದಮೇಲೆ ಕಬ್ಬಿಣದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನೂ ಕಾವಿನ ಬಹುಭಾಗವನ್ನೂ ಕಮ್ಮಾರನು ಊಹೆಯಿಂದಲೇ ತುಂಬಬೇಕು. ಇದನ್ನು ಪ್ರತಿಕೃತಿ ಎನ್ನುವುದಕ್ಕಿಂತ ವ್ಯಾಖ್ಯಾನವೆನ್ನುವುದು ಮೇಲು. ಡೆನ್ಮಾರ್ಕಿನ ಮಾಮೆನ್‌ನಲ್ಲಿ 1868ರಲ್ಲಿ ದೊರೆತ, ಬೆಳ್ಳಿಯ ಕುಸುರಿಯುಳ್ಳ ಕೊಡಲಿಯನ್ನು ಅನುಕರಿಸುವವರು ಬಹಳ. ಅದಾದರೋ ಶ್ರೀಮಂತನೊಬ್ಬನ ಗೋರಿಯದು, ಸಾಮಾನ್ಯ ಯೋಧನ ಆಯುಧಕ್ಕೆ ಮಾದರಿಯಾಗಲಾರದು.

ಈಟಿಯ ವಿಷಯದಲ್ಲಿ ತೊಡಕು ಬೇರೆ ಬಗೆಯದು. ನಾರ್ವೆಯ ಗುಲಾಥಿಂಗ್ ಶಾಸನವು ಸ್ವತಂತ್ರ ಪುರುಷನು ಅಗಲಕೊಡಲಿ ಅಥವಾ ಕತ್ತಿಯೊಡನೆ ಈಟಿಯನ್ನೂ ಗುರಾಣಿಯನ್ನೂ ಇಟ್ಟುಕೊಂಡಿರಬೇಕೆಂದು ವಿಧಿಸುತ್ತದೆ. ಕೊಡಲಿಗೆ ಬದಲು ಕತ್ತಿ ಆದೀತು, ಈಟಿಗೆ ಬದಲಿಲ್ಲ. ಅಣಕು ಯುದ್ಧದ ಕೂಟಗಳಲ್ಲಿ ಈಟಿಗಾರನೇ ಹೆಚ್ಚಾಗಿ ಗೆಲ್ಲುವನೆಂಬುದನ್ನು ಇದಕ್ಕೆ ಸಮರ್ಥನೆಯಾಗಿ ಹೇಳುವವರಿದ್ದಾರೆ. ಆದರೆ ಅಲ್ಲಿ ಮೊನೆ ಮೊಂಡು. ಅನೇಕ ಕಡೆ ಮುಖಕ್ಕೆ ತಿವಿಯುವುದು ನಿಷಿದ್ಧ. ಗೆದ್ದುದು ಆಯುಧವೋ ನಿಯಮವೋ ತಿಳಿಯುವುದೆಂತು? ಶಾಸನದ ಒಂದು ವಾಕ್ಯಕ್ಕಿರುವ ಬೆಲೆ ಇಂಥ ನೂರು ಪಂದ್ಯಗಳಿಗಿಲ್ಲವೆಂದು ನಮ್ಮ ಅಭಿಪ್ರಾಯ.

ಕುಲುಮೆಯಿಂದ ಬರುವ ಸಾಕ್ಷ್ಯಕ್ಕೆ ನಾವು ಹೆಚ್ಚಿನ ಗೌರವ ಕೊಡುತ್ತೇವೆ. ತೆಳು ಅಲಗಿಗೆ ಉಕ್ಕಿನ ಬಾಯಿಯನ್ನು ಬಿರುಕಿಲ್ಲದೆ ಬೆಸೆಯಲು ಎಷ್ಟು ಕಾಸಬೇಕು, ಎಷ್ಟು ಇದ್ದಿಲು ಬೇಕು, ಎಷ್ಟು ಕೈಗಳು ಬೇಕು ಎಂಬುದನ್ನು ಮಾಡಿ ನೋಡಿದವನೇ ಹೇಳಬಲ್ಲನು. ಅವನು ಅದನ್ನು ಬರೆದಿಟ್ಟರೆ, ಊಹಿಸಿದ ಭಾಗ ಯಾವುದೆಂಬುದನ್ನೂ ಜೊತೆಯಲ್ಲಿ ಸೂಚಿಸಿದರೆ, ಚರಿತ್ರಕಾರನಿಗೆ ಅದು ಉಪಯುಕ್ತವಾದ ಆಧಾರ.