ಅಕ್ಷರಪಲ್ಲಟ, ಶ್ಲೇಷೆ ಮತ್ತು ಜನಪದ ಹಾಸ್ಯ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಆಡುನುಡಿಯನ್ನು ಅನುಲಕ್ಷಿಸಿ

ಜನಪದ ಹಾಸ್ಯವನ್ನು ಕುರಿತ ವಿವೇಚನೆ ಸಾಮಾನ್ಯವಾಗಿ ಕಥನದ ಆಶಯಗಳನ್ನು ಆಧರಿಸುತ್ತದೆ. ಪೆದ್ದ ಅಳಿಯ, ಜಾಣ ಸೊಸೆ, ಮೋಸಹೋದ ಸಾಹುಕಾರ ಮುಂತಾದ ಪಾತ್ರಗಳು ಅದರ ಕೇಂದ್ರದಲ್ಲಿರುತ್ತವೆ. ಮಾತಿನ ಧ್ವನಿರೂಪದಿಂದಲೇ ಹುಟ್ಟುವ ನಗೆ ಈ ಚೌಕಟ್ಟಿನಿಂದ ಹೊರಗುಳಿಯುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಆಡುನುಡಿಯನ್ನು ಗಮನಿಸಿದಾಗ ಈ ಕೊರತೆ ಸ್ಪಷ್ಟವಾಗುತ್ತದೆ.

ಶಬ್ದಚಮತ್ಕಾರದ ಶಾಸ್ತ್ರೀಯ ಚರ್ಚೆ ಕನ್ನಡಕ್ಕೆ ಹೊಸದಲ್ಲ. 9ನೆಯ ಶತಮಾನದ ಕವಿರಾಜಮಾರ್ಗದ ದ್ವಿತೀಯ ಪರಿಚ್ಛೇದ ಶಬ್ದಾಲಂಕಾರಗಳಿಗೆ ಮೀಸಲಾಗಿದೆ. ರೋಮನ್ ಲಿಪಿಯ ಪಲ್ಲಟದಲ್ಲಿ ಸ್ವರ ವ್ಯಂಜನಗಳು ಬಿಡಿಬಿಡಿಯಾಗಿ ಸ್ಥಾನ ಬದಲಿಸಿದರೆ, ಕನ್ನಡದಲ್ಲಿ ಗುಣಿತಾಕ್ಷರವೇ ಘಟಕ. 'ವಿಕಟಕವಿ', 'ಕುಬೇರನಿಗೇನಿರಬೇಕು' ಎಂಬವು ಹಿಂದುಮುಂದಾಗಿ ಓದಿದರೂ ಒಂದೇ ಆಗುವುದು ಈ ಕಾರಣದಿಂದ. 'ಮಸ್ಕಿ'ಯಲ್ಲಿನ 'ಸ್ಕಿ' ಒಡೆಯದ ಒಂದೇ ಘಟಕ. ವಾಲ್ಮೀಕಿಯ ಐತಿಹ್ಯದಲ್ಲಿ 'ಮರಾ ಮರಾ' ಎಂಬ ಜಪ 'ರಾಮ ರಾಮ'ವಾಗುವುದಾದರೋ ಬರವಣಿಗೆಯಲ್ಲಲ್ಲ, ಎಡೆಬಿಡದ ಉಚ್ಚಾರಣೆಯಲ್ಲಿ. ಮೌಖಿಕ ಪರಂಪರೆಯ ಪಲ್ಲಟಕ್ಕೆ ಕಿವಿಯೇ ಪ್ರಮಾಣವೆಂಬುದಕ್ಕೆ ಇದು ನಿದರ್ಶನ.

ಈ ಭಾಗದ ನುಡಿಯಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ 'ಮನಿ', ತಲೆ 'ತಲಿ'. ಈ ಬದಲಾವಣೆಯಿಂದ ಶಿಷ್ಟಭಾಷೆಯಲ್ಲಿಲ್ಲದ ಶ್ಲೇಷೆಗೆ ಅವಕಾಶ ದೊರೆಯುತ್ತದೆ. 'ಕರೆಯಲಿಲ್ಲ', 'ಕರಿಯಲಿಲ್ಲ' ಎರಡೂ ಇಲ್ಲಿ 'ಕರೀಲಿಲ್ಲ'. "ಮದಿವಿಗೆ ನಮ್ಮನ್ನ ಕರೀಲಿಲ್ಲ" ಎಂಬ ದೂರಿಗೆ "ಕರಿಯಾಕ ನೀವು ಮಿರ್ಚಿ ಏನ್ರಿ, ಬೀಗ್ರ?" ಎಂಬ ಬಗೆಯ ಉತ್ತರ ಸಾಧ್ಯವಾಗುವುದು ಇದರಿಂದಲೇ. ಹಾಗೆಯೇ 'ಮರೀಬ್ಯಾಡ' ಎಂಬುದು ಮರೆಯಬೇಡವೆಂಬ ಎಚ್ಚರಿಕೆಯೂ ಹೌದು, ತುಸು ಬಿಡಿಸಿ ನುಡಿದರೆ ಕುರಿಮರಿಯ ನಿರಾಕರಣೆಯೂ ಹೌದು.

ಇಂಥ ಮಾತು ಕೇವಲ ವಿನೋದವಲ್ಲ. ಕರೆಯದೆ ಬಿಟ್ಟದ್ದು ಬಂಧುತ್ವಕ್ಕೆ ಒದಗಿದ ಗಾಯ. ಶ್ಲೇಷೆ ತಪ್ಪನ್ನು ನಿರಾಕರಿಸುವುದಿಲ್ಲ. ಜಗಳವಾಗಬಹುದಾದ ದೂರನ್ನು ನಗೆಗೆ ತಿರುಗಿಸುತ್ತದೆ. ಆದರೆ ಚೇಷ್ಟೆಯ ಸಲಿಗೆಯುಳ್ಳ ಬೀಗರ ನಡುವೆ ಸಲ್ಲುವ ಇದೇ ಉತ್ತರವನ್ನು ಉಳ್ಳವನು ಇಲ್ಲದವನಿಗೆ ಕೊಟ್ಟಾಗ ಅದು ಅಪಹಾಸ್ಯವಾಗುತ್ತದೆ. ನಗೆಯ ಅರ್ಥವನ್ನು ಪದಕ್ಕಿಂತ ಆಡಿದವರ ಸಂಬಂಧ ನಿರ್ಧರಿಸುತ್ತದೆ.

ಪ್ರದೇಶದ ಚರಿತ್ರೆಯೂ ಈ ಆಟಕ್ಕೆ ಸಾಮಗ್ರಿ ಒದಗಿಸಿದೆ. 1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದು ಆಡಳಿತಭಾಷೆಯಾಗಿತ್ತು. ಹೊಲದ 'ಸಾಲು', ಸಾಹುಕಾರನ 'ಸಾಲ', ಉರ್ದುವಿನಲ್ಲಿ ವರ್ಷವೆಂಬ ಅರ್ಥದ 'ಸಾಲ್' ಒಂದೆಡೆ ಸೇರಿದಾಗ ಒಕ್ಕಲುತನದ ಬವಣೆ ನಗೆಯ ರೂಪದಲ್ಲಿ ಪ್ರಕಟವಾಗುತ್ತದೆ. ಒಂದೇ ಭಾಷೆಯ ನಿಘಂಟು ಈ ನಗೆಯನ್ನು ವಿವರಿಸಲಾರದು.

ಅಲನ್ ಡಂಡೆಸ್ 1964ರಲ್ಲಿ ಜಾನಪದ ವಿಶ್ಲೇಷಣೆಗೆ ಭಾಷಿಕ ಹೆಣಿಗೆ, ಪಠ್ಯ, ಸಂದರ್ಭಗಳೆಂಬ ಮೂರು ಸ್ತರಗಳನ್ನು ಸೂಚಿಸಿದನು. ಶ್ಲೇಷಹಾಸ್ಯದಲ್ಲಿ ಹೆಣಿಗೆಯೇ ಜೀವಾಳ. ಸಂಪಾದಕನು 'ಕರೀಲಿಲ್ಲ'ವನ್ನು 'ಕರೆಯಲಿಲ್ಲ'ವೆಂದು ತಿದ್ದಿದರೆ ಪಠ್ಯ ಶುದ್ಧವಾಗಬಹುದು, ಆದರೆ ಹಾಸ್ಯ ಉಳಿಯದು. ಮುಂದಿನ ಸಂಶೋಧಕನಿಗೆ ಅಲ್ಲೊಂದು ಶ್ಲೇಷೆಯಿತ್ತೆಂಬ ಕುರುಹೂ ಸಿಗದು. ಆದ್ದರಿಂದ ಉಚ್ಚಾರಣೆಯನ್ನು ಇದ್ದಂತೆಯೇ ಬರೆದುಕೊಳ್ಳುವುದು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ನುಡಿದರೆಂಬುದನ್ನು ದಾಖಲಿಸುವುದು ಹಾಸ್ಯಸಂಗ್ರಹದ ಮೊದಲ ನಿಯಮಗಳಾಗಬೇಕು. ಧ್ವನಿಮುದ್ರಣ ಸುಲಭವಾಗಿರುವ ಇಂದು ಮುದ್ರಿತ ಪಠ್ಯದ ಜೊತೆಗೆ ಮೂಲ ಧ್ವನಿಯನ್ನೂ ಗ್ರಂಥಾಲಯಗಳು ಕಾಯ್ದಿಡುವುದು ಅವಶ್ಯ.